ನಾಲ್ಕು ದರಬಾರಿನ ನೆಲ

ರಬಕವಿ, ಬನಹಟ್ಟಿ ಇವತ್ತು ಒಂದೇ ನಗರಸಭೆ, ಒಂದೇ ತಾಲೂಕು. ನಡುವೆ ರಾಮಪುರ ಸೇರಿಕೊಂಡು ಮಗ್ಗದ ಸದ್ದು ಈ ತುದಿಯಿಂದ ಆ ತುದಿಗೆ ಕಡಿಯದೆ ಸಾಗುತ್ತದೆ. ಆದರೆ 1948ರ ಮಾರ್ಚ್ 8ರವರೆಗೆ ಇವು ಎರಡು ಬೇರೆ ಸರಕಾರಗಳ ಊರುಗಳು. ರಬಕವಿ, ತೇರದಾಳ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ತೆಂಕಣಕ್ಕೆ ಒಂದಿಷ್ಟು ಹೋದರೆ ಮಹಾಲಿಂಗಪುರ. ಅದು ಮುಧೋಳದ ಘೋರ್ಪಡೆ ರಾಜರ ನೆಲ. ಮೂಡಣಕ್ಕೆ ಬೀಳಗಿ; ಅಲ್ಲಿ ರಾಜರಿಲ್ಲ, ಇಂಗ್ಲಿಷರ ಖಾಲ್ಸಾ ಮುಲ್ಕು, ಬಿಜಾಪುರ ಜಿಲ್ಲೆ, ಬಾಗಲಕೋಟೆ ತಾಲೂಕಿನ ಅಡಿಯಲ್ಲಿ ಒಂದು ಪೇಟಾ. ಸೀರೆ ಗಂಟು ಹೊತ್ತು ಸಂತೆಗೆ ಹೊರಟ ಬನಹಟ್ಟಿಯ ನೇಕಾರನೊಬ್ಬ ಎರಡು ಮೂರು ದಿನದ ತಿರುಗಾಟದಲ್ಲಿ ನಾಲ್ಕು ಸರಕಾರಗಳ ಕಾಯ್ದೆಯೊಳಗೆ ಕಾಲಿಟ್ಟು ಬರುತ್ತಿದ್ದ.

ನಾನು ಬನಹಟ್ಟಿಯ ನೇಕಾರರ ಮನೆಯ ಮಗಳು. ಕಂದಾಯ ಇಲಾಖೆಯ ರೆಕಾರ್ಡ್ ರೂಮಿನಲ್ಲಿ ನೌಕರಿ ಮಾಡಿ ನಿವೃತ್ತಳಾದೆ. ಕೆಂಪು ಬಟ್ಟೆಯ ರುಮಾಲುಗಳನ್ನು ಬಿಚ್ಚಿ ಕಟ್ಟುವುದರಲ್ಲಿ ನನ್ನ ಆಯುಷ್ಯದ ದೊಡ್ಡ ಪಾಲು ಕಳೆಯಿತು. ನಮ್ಮ ಭಾಗದ ಇತಿಹಾಸ ಬರೆಯುವವರು ರಾಜರ ಹೆಸರು, ಪಟ್ಟದ ವರ್ಷ, ಅರಮನೆ, ಮುಧೋಳದ ನಾಯಿ, ರನ್ನ ಕವಿ ಇಷ್ಟನ್ನು ಹೇಳಿ ಮುಗಿಸುತ್ತಾರೆ. ಅವೆಲ್ಲ ಹೆಮ್ಮೆಯ ಸಂಗತಿಗಳೇ. ನನಗೆ ಮಾತ್ರ ಬೇರೊಂದು ಇತಿಹಾಸ ದೊಡ್ಡದಾಗಿ ಕಾಣುತ್ತದೆ. ಊರಿನ ಹೊಲ ಯಾರ ಹೆಸರಿಗೆ ಬರೆಯಬೇಕು, ಹೊಳೆಯ ದೋಣಿ ಯಾರು ನಡೆಸಬೇಕು, ಸಂತೆಯ ಕರ ಯಾರು ಎತ್ತಬೇಕು, ಗಾಯರಾಣದ ಹುಲ್ಲು ಯಾರಿಗೆ, ಹೊಳೆಗೆ ಒಡ್ಡು ಯಾರು ಕಟ್ಟಬೇಕು: ಇವನ್ನೆಲ್ಲ ಯಾರು, ಎಲ್ಲಿ ಕೂತು, ಯಾರ ಎದುರಿಗೆ ನಿಶ್ಚಯಿಸಿದರು ಎಂಬ ಇತಿಹಾಸ. ನಮ್ಮ ಜನರ ಹೊಟ್ಟೆ ತುಂಬಿದ್ದೂ ಬರಿದಾದದ್ದೂ ಇಂಥ ನಿಶ್ಚಯಗಳಿಂದಲೇ.

ಮೊದಲು ನೆಲದ ಲೆಕ್ಕ. ಜಮಖಂಡಿಯ ಪಟವರ್ಧನರು ಮೀರಜ ಮನೆತನದಿಂದ ಒಡೆದು 1811ರಲ್ಲಿ ಬೇರೆ ಸಂಸ್ಥಾನವಾದರು. 1901ರ ಜನಗಣತಿಯ ಹೊತ್ತಿಗೆ ಅದು 524 ಚದರ ಮೈಲಿ, ಒಂದು ಲಕ್ಷಕ್ಕೆ ತುಸು ಮೇಲೆ ಜನ. ಮುಧೋಳ 368 ಚದರ ಮೈಲಿ, ಜನಸಂಖ್ಯೆ 63,001. ಇಷ್ಟು ಸಣ್ಣ ರಾಜ್ಯಗಳಲ್ಲೂ ಕಾರಭಾರಿ, ಮಾಮಲೇದಾರ, ಕಾರಕೂನ, ಊರಿಗೊಬ್ಬ ಗೌಡ, ಕುಲಕರ್ಣಿ, ತಳವಾರ, ವಾಲೀಕಾರ. ಇವರಲ್ಲಿ ಹಳ್ಳಿಯ ಕೆಲಸದವರಿಗೆ ಪಗಾರವೆಂದರೆ ಹೆಚ್ಚಾಗಿ ನೆಲವೇ. ಗೌಡಕಿ, ಕುಲಕರ್ಣಿಕಿಗೆ ವತನದ ಹೊಲ, ಕಾವಲಿನವರಿಗೆ ಶೇತಸನದಿ, ಯುದ್ಧದಲ್ಲಿ ಸತ್ತವನ ಮನೆಗೆ ರಕ್ತಮಾನ್ಯ, ಗುಡಿಗೆ ದೇವಸ್ಥಾನದ ಇನಾಮು, ಮಠಕ್ಕೆ ಬೇರೆ. ಹೀಗೆ ಊರಿನ ಒಳ್ಳೆಯ ಎರೆಹೊಲದಲ್ಲಿ ಎಷ್ಟೋ ಪಾಲು ಉಳದವರ ಹೆಸರಿನಲ್ಲಿತ್ತು. ಉಳುವವರು ಬೇರೆ.

ಜಮಖಂಡಿ, ಮುಧೋಳದ ಹಳೆಯ ಕಾಗದಗಳು ಮರಾಠಿಯವು, ಅದೂ ಮೋಡಿ ಲಿಪಿಯಲ್ಲಿ. ಲೇಖಣಿಯನ್ನು ಎತ್ತದೆ ಎಳೆದ ಬರಹ. ಒಂದು ಅಕ್ಷರದ ಬಾಲ ಇನ್ನೊಂದರ ತಲೆಗೆ ಸುತ್ತಿಕೊಂಡಿರುತ್ತದೆ. ನನಗೆ ಅದನ್ನು ಓದಲು ಕಲಿಸಿದವರು ಸಂಸ್ಥಾನದ ಕಾಲದ ಕಾರಕೂನರೊಬ್ಬರ ಮಗ, ಆಗಲೇ ಮುಪ್ಪಾಗಿದ್ದರು. ಮೊದಲು ಅಂಕಿ ಕಲಿಸಿದರು, ಆಮೇಲೆ ಊರ ಹೆಸರು, ಕೊನೆಗೆ ಮನುಷ್ಯರ ಹೆಸರು. ಓದಲು ಬರತೊಡಗಿದ ಮೇಲೆ ನನಗೆ ಒಂದು ಸಂಗತಿ ಮನಸ್ಸಿಗೆ ಚುಚ್ಚಿತು. ಮನೆಯಲ್ಲಿ ಕನ್ನಡ ಆಡುವ, ಅಕ್ಷರವೇ ಬಾರದ ರೈತನ ಹೊಲದ ಗಡಿ, ಅವನು ಕೇಳಿಯೂ ಅರಿಯದ ಭಾಷೆಯಲ್ಲಿ, ಓದಲಾಗದ ಲಿಪಿಯಲ್ಲಿ ನಿಶ್ಚಯವಾಗುತ್ತಿತ್ತು. ಕುಲಕರ್ಣಿ ಓದಿ ಹೇಳಿದ್ದೇ ಅವನಿಗೆ ಕಾಯ್ದೆ. ಕುಲಕರ್ಣಿ ಒಳ್ಳೆಯವನಾದರೆ ನೆಲ ಉಳಿಯಿತು, ಇಲ್ಲವಾದರೆ ಇಲ್ಲ. ಬೀಳಗಿಯ ಕಡೆ ಇಂಗ್ಲಿಷರು ಹೊಲಗಳನ್ನು ಅಳೆದು, ಸರ್ವೇ ನಂಬರು ಕೊಟ್ಟು, ಕಲ್ಲು ನೆಟ್ಟು, 30 ವರ್ಷಕ್ಕೊಮ್ಮೆ ಆಕಾರ ಕಟ್ಟುವ ಪದ್ಧತಿ ತಂದರು. ಅಲ್ಲಿ ಅಳತೆ ಖಚಿತವಾಯಿತು. ಆದರೆ ಅವರೇ 1852ರಲ್ಲಿ ಇನಾಮು ಕಮಿಷನ್ ತಂದು, ಸನದು ತೋರಿಸಿರಿ ಎಂದು ದಕ್ಷಿಣ ಮಹಾರಾಷ್ಟ್ರವನ್ನೂ ನಮ್ಮ ಭಾಗವನ್ನೂ ಜಾಲಾಡಿ ಹೊಲ ಕಿತ್ತುಕೊಂಡರು. ದೂರದಲ್ಲಿ ಬರೆದ ಕಾಯ್ದೆ ನಮ್ಮ ಹಳ್ಳಿಗೆ ಹೇಗೆ ಬಂದು ಮುಟ್ಟುತ್ತದೆ ಎಂಬುದಕ್ಕೆ ಮುಧೋಳ ಸಂಸ್ಥಾನದ ಹಲಗಲಿಗಿಂತ ದೊಡ್ಡ ಸಾಕ್ಷಿ ಬೇಡ. 1857ರಲ್ಲಿ ಆಯುಧ ಒಪ್ಪಿಸಿರಿ ಎಂಬ ಹುಕುಮಿಗೆ ಬೇಡರು ಒಲ್ಲೆ ಎಂದರು. ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ 13 ಜನರನ್ನು ಮುಧೋಳದಲ್ಲಿ, 6 ಜನರನ್ನು ಹಲಗಲಿಯಲ್ಲಿ ಗಲ್ಲಿಗೇರಿಸಿದರು.

ಇದರ ನಡುವೆ ರಬಕವಿಯದು ಬೇರೆಯೇ ದಾರಿ. ಇಂಗ್ಲಿಷರ ಗೆಜೆಟಿಯರು ಕೂಡ ಅದನ್ನು ಗುರುತಿಸಿದೆ. ರಬಕವಿ ಶ್ರೀಮಂತ ವ್ಯಾಪಾರಿಗಳ, ರೇಷ್ಮೆಗೆ ಬಣ್ಣ ಹಾಕುವವರ ಪೇಟೆ. ಅಲ್ಲಿಯ ಊರ ಕಾರಭಾರವನ್ನು ನೋಡಿಕೊಳ್ಳುತ್ತಿದ್ದದ್ದು ಜನರೇ ಆರಿಸಿದ ‘ದೈವ’. ನಮ್ಮ ಕಡೆ ದೈವವೆಂದರೆ ಗುಡಿಯ ದೇವರಷ್ಟೇ ಅಲ್ಲ, ಕೂಡಿದ ಊರು. ಇಂದಿಗೂ ಬನಹಟ್ಟಿಯಲ್ಲಿ ಸೋಮವಾರ ಪೇಟೆ, ಮಂಗಳವಾರ ಪೇಟೆ ಎಂದು ವಾರದ ಹೆಸರಿನ ಪೇಟೆಗಳಿವೆ, ದೈವ ಮಂಡಳಿಗಳಿವೆ. ಕಾಡಸಿದ್ಧೇಶ್ವರ ಜಾತ್ರೆ ಬಂತೆಂದರೆ ಆ ಮಂಡಳಿಗಳ ಹಿರಿಯರು ಕಟ್ಟೆಯ ಮೇಲೆ ಕೂಡುತ್ತಾರೆ. ವರಗಣಿ ಎಷ್ಟು, ತೇರಿನ ಹಗ್ಗಕ್ಕೆ ಎಷ್ಟು, ಅಂಗಡಿ ಸಾಲು ಎಲ್ಲಿ ಎಂದು ಬಾಯಿಬಿಟ್ಟು ಮಾತಾಡುತ್ತಾರೆ. ಲೆಕ್ಕ ಓದುತ್ತಾರೆ. ಹಿಂದೆ ಕುಳಿತ ಯಾರಾದರೂ ಎದ್ದು, “ಹ್ವಾದ ವರ್ಷದ್ದು ಉಳಿದದ್ದು ಎಲ್ಲೈತ್ರಿ?” ಎಂದು ಕೇಳಿದರೆ ಉತ್ತರ ಕೊಡದೆ ಗತ್ಯಂತರವಿಲ್ಲ.

ನಾನು ಈ ದೈವದ ಕಟ್ಟೆಯನ್ನು ಮನಸಾರೆ ಗೌರವಿಸುತ್ತೇನೆ. ಆದರೆ ಅದರ ಮೇಲೆ ಹೆಣ್ಣುಮಗಳೊಬ್ಬಳು ಕೂತದ್ದನ್ನು ನನ್ನ ಚಿಕ್ಕಂದಿನಲ್ಲಿ ಕಂಡಿಲ್ಲ. ಕಂಡಿಕೆ ಸುತ್ತುವವರು ನಾವು, ಗಂಜಿ ಕಾಸುವವರು ನಾವು. ವರಗಣಿ ಕೊಡುವ ಮನೆಯಲ್ಲಿ ಅರ್ಧ ದುಡಿಮೆ ನಮ್ಮದು. ಕೇರಿಯವರಿಗೂ ಆ ಕಟ್ಟೆ ಎಟುಕಲಿಲ್ಲ. 1983ರ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯ್ತಿಗಳಿಗೆ ಚುನಾವಣೆಯಾಗಿ ನೂರಕ್ಕೆ 25 ಸ್ಥಾನ ಹೆಂಗಸರಿಗೆ ಸಿಕ್ಕಾಗ, ಸುತ್ತಲ ಹಳ್ಳಿಗಳಿಂದ ಸೆರಗು ಹೊದ್ದುಕೊಂಡು ಸಭೆಗೆ ಬಂದ ಅವ್ವಂದಿರನ್ನು ಕಂಡು ನನಗಾದ ಸಂತೋಷ ಈಗಲೂ ಹಸಿಯಾಗಿದೆ.

ಊರು ಕೂಡಿ ಮಾತಾಡುವ ಈ ರೂಢಿಯ ಇನ್ನೊಂದು ಮುಖ ಲಿಲಾವು. ಸಂಸ್ಥಾನವಿರಲಿ, ಇಂಗ್ಲಿಷರ ಲೋಕಲ್ ಬೋರ್ಡಿರಲಿ, ಊರಿನ ಹಕ್ಕೊಂದನ್ನು ಒಬ್ಬನ ಕೈಗೆ ಒಪ್ಪಿಸುವ ರೀತಿ ಹೆಚ್ಚಾಗಿ ಇದೇ. ಬೀಳಗಿಯ ರೈತರು 1863ರಿಂದ ಕಂದಾಯದ ಒಂದೊಂದು ರೂಪಾಯಿಗೆ 1 ಆಣೆ ಲೋಕಲ್ ಫಂಡು ಕೊಡುತ್ತಿದ್ದರು. ರಸ್ತೆ, ಶಾಲೆ, ಬಾವಿ, ಧರ್ಮಶಾಲೆಗೆಂದು ಎತ್ತಿದ ಆ ಹಣಕ್ಕೆ 1869ರಲ್ಲಿ ಕಾಯ್ದೆ ಬಂತು, 1884ರಲ್ಲಿ ಜಿಲ್ಲಾ, ತಾಲೂಕು ಲೋಕಲ್ ಬೋರ್ಡುಗಳು ಬಂದವು. ಆ ಬೋರ್ಡುಗಳಿಗೆ ಪಟ್ಟಿಯ ಜೊತೆಗೆ ನಾಕಾದ ಟೋಲು, ದೋಣಿಯ ಕಡವು, ಕೊಂಡವಾಡದ ದಂಡವೇ ಉತ್ಪನ್ನ. ಇವನ್ನು ವರ್ಷಕ್ಕೊಮ್ಮೆ ಲಿಲಾವು ಹಾಕುತ್ತಿದ್ದರು. ಹಿಂದಿನ ದಿನ ಹಲಗಿ ಬಾರಿಸಿ ಡಂಗುರ. ಮರುದಿನ ಚಾವಡಿಯ ಮುಂದೆ ಜನ. ಶರ್ತುಗಳನ್ನು ಓದಿ ಹೇಳಿ, ಅನಾಮತ್ತು ಇಟ್ಟವರು ಸವಾಲು ಕೂಗಬೇಕು. “ಒಂದ್ ಸರತಿ... ಎರಡ್ ಸರತಿ...” ಮೂರನೆಯದಕ್ಕೆ ಕೋಲು ಬಿದ್ದರೆ ಆಯಿತು. ರಸ್ತೆಯ ಬದಿಯ ಹುಣಸೆ ಮರದ ಫಲ, ಸಂತೆ ಕರ, ಜಾತ್ರೆಯ ಅಂಗಡಿ ಜಾಗ ಈಗಲೂ ಎಷ್ಟೋ ಪಂಚಾಯ್ತಿಗಳಲ್ಲಿ ಹೀಗೇ ಹೋಗುತ್ತವೆ. ಗುಡಿಯಲ್ಲೂ ಇದೇ ಪದ್ಧತಿ. 2022ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಲಕಿಯ ಮಾಳಿಂಗರಾಯನ ಜಾತ್ರೆಯಲ್ಲಿ ದೇವರ ಒಂದು ತೆಂಗಿನಕಾಯಿ ಸವಾಲಿನಲ್ಲಿ ಆರೂವರೆ ಲಕ್ಷ ರೂಪಾಯಿಗೆ ಹೋಯಿತು. ಭಕ್ತಿಯ ಮಾತು ಬೇರೆ. ನನಗೆ ಮುಖ್ಯವಾಗಿ ಕಂಡದ್ದು, ಆ ಆರೂವರೆ ಲಕ್ಷವನ್ನು ಕೂಡಿದ ಜನವೆಲ್ಲ ಕಿವಿಯಾರೆ ಕೇಳಿತು, ಆ ಹಣ ಗುಡಿಯ ಲೆಕ್ಕಕ್ಕೆ ಬಂತೋ ಇಲ್ಲವೋ ಎಂದು ಯಾರು ಬೇಕಾದರೂ ಕೇಳಬಲ್ಲರು.

ಲಿಲಾವಿನಲ್ಲಿ ಅನ್ಯಾಯವೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ದೋಣಿಯ ಲಿಲಾವು ಹಿಡಿಯುವವನು ಹಣವಂತ. ಹುಟ್ಟು ಹಾಕುವವರು ಅಂಬಿಗರು. ತಲೆತಲಾಂತರದಿಂದ ಹೊಳೆಯ ಸುಳಿ, ಮಡುವು, ಬಂಡೆಗಳನ್ನು ಬಲ್ಲವರು ಗುತ್ತಿಗೆ ಹಿಡಿದವನ ಕೈಕೆಳಗೆ ಕೂಲಿಯವರಾದರು. ನಾಲ್ಕು ಜನ ಸಾವುಕಾರರು ಮೊದಲೇ ಕೂಡಿ ಮಾತಾಡಿಕೊಂಡು, ಒಬ್ಬನೇ ಸವಾಲು ಕೂಗಿ ಅಗ್ಗಕ್ಕೆ ಹೊಡೆದುಕೊಂಡು ಹೋಗುವುದು ಆಗಲೂ ಇತ್ತು. ಆದರೂ ಊರೇ ನೋಡುತ್ತಿದ್ದಾಗ ಆ ಒಳಮಾತು ನಾಚಿಕೆಯಿಂದ ನಡೆಯಬೇಕಾಗುತ್ತಿತ್ತು. 1999ರ ಪಾರದರ್ಶಕತೆ ಕಾಯ್ದೆ ಬಂದು, ಆಮೇಲೆ ಟೆಂಡರುಗಳು ಕಂಪ್ಯೂಟರಿಗೆ ಹೋದವು. ಕಾಯ್ದೆಯ ಉದ್ದೇಶ ಒಳ್ಳೆಯದು. ಯಾವ ಮೂಲೆಯವನು ಬೇಕಾದರೂ ಟೆಂಡರು ಹಾಕಬಹುದು, ಮುಚ್ಚಿದ ಲಕೋಟೆ ಕದ್ದು ನೋಡುವ ಕಾಲ ಹೋಯಿತು. ನಷ್ಟವೂ ಒಂದಾಗಿದೆ. ತಮ್ಮ ಓಣಿಯ ಗಟಾರದ ಕೆಲಸ ಯಾರಿಗೆ, ಎಷ್ಟಕ್ಕೆ ಹೋಯಿತೆಂದು ಓಣಿಯವರಿಗೇ ತಿಳಿಯದು. ಹಲಗಿ ಬಾರಿಸುವ ರೂಢಿ ಯಾವ ಕಾಯ್ದೆಗೂ ಅಡ್ಡಿಯಾಗುತ್ತಿರಲಿಲ್ಲ. ಅದನ್ನು ಬಿಟ್ಟದ್ದು ತಪ್ಪು.

ಈಗ ಹೊಲದ ಲಾವಣಿಯ, ಅಂದರೆ ಗೇಣಿಯ ಕಥೆ. ಇದು ನಮ್ಮ ಭಾಗದಿಂದ ಹೊರಟು ಇಡೀ ಕರ್ನಾಟಕಕ್ಕೆ ಮುಟ್ಟಿದ ಕಥೆ ಎಂದು ನಾನು ನಂಬಿದ್ದೇನೆ. ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಸಪ್ಪ ದಾನಪ್ಪ ಜತ್ತಿಯವರು ವಕೀಲರಾಗಿ ಜಮಖಂಡಿಯಲ್ಲಿ ನೆಲೆಸಿದರು. 1940ರಲ್ಲಿ ಪುರಸಭೆಯ ಸದಸ್ಯರಾದರು, 1945ರಲ್ಲಿ ಅಧ್ಯಕ್ಷರಾದರು. ಪುರಸಭೆಯ ಅಧ್ಯಕ್ಷನ ಮೇಜಿನ ಮೇಲೆ ಬರುವುದು ದೀಪದ ಎಣ್ಣೆ, ಗಟಾರ, ಪೇಟೆಯ ಜಾಗ, ಅತಿಕ್ರಮಣ ಇಂಥವೇ. ಆಮೇಲೆ ಸಂಸ್ಥಾನದ ಮಂತ್ರಿ, ಕೊನೆಗೆ 1948ರಲ್ಲಿ ಅದರ ಮುಖ್ಯಮಂತ್ರಿ. ಅವರ ಕಾಲದಲ್ಲೇ ಜಮಖಂಡಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ರಾಜಾ ಶಂಕರರಾವ್ ಪಟವರ್ಧನರು ಅಡ್ಡಿ ಮಾಡಲಿಲ್ಲ. ಮುಂಬಯಿ ಸರಕಾರದ ಗೇಣಿ ಕಾಯ್ದೆ 1948ರ ಕೊನೆಗೆ ಜಾರಿಗೆ ಬಂತು. ವೈಯಕ್ತಿಕ ಇನಾಮುಗಳ ರದ್ದತಿ ಕಾಯ್ದೆ 1952ರಲ್ಲಿ ಬಂತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು, ಹಳೆ ಮೈಸೂರು ಎಂದು ಬೇರೆ ಬೇರೆಯಾಗಿದ್ದ ಗೇಣಿ ಕಾಯ್ದೆಗಳನ್ನು ಒಂದು ಮಾಡುವ ಸಮಿತಿಗೆ ಅಧ್ಯಕ್ಷರಾದವರು ಇದೇ ಜತ್ತಿಯವರು. ಆ ಸಮಿತಿಯ ವರದಿಯಿಂದ 1961ರ ಭೂಸುಧಾರಣೆ ಕಾಯ್ದೆ ಹುಟ್ಟಿತು. ಅದು ವಿಧಾನಮಂಡಲದಲ್ಲಿ ಪಾಸಾದಾಗ ಅವರೇ ಮುಖ್ಯಮಂತ್ರಿ. ಮುಂದೆ ಅವರು ಉಪರಾಷ್ಟ್ರಪತಿಯಾದರು, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆದರು. ನಮ್ಮ ಊರ ಹುಡುಗರಿಗೆ ಆ ಕೊನೆಯ ಪದವಿಯ ಹೆಸರಷ್ಟೇ ಕಲಿಸುತ್ತಾರೆ. ನಾಲ್ಕು ದರಬಾರಿನ ನಾಲ್ಕು ನಮೂನೆಯ ಹೊಲಗಳ ನಡುವೆ ಬೆಳೆದ ಮನುಷ್ಯ ಆ ಸಮಿತಿಯಲ್ಲಿ ಕುಳಿತದ್ದು ನನಗೆ ಅದಕ್ಕಿಂತ ದೊಡ್ಡದು.

ಕಾಯ್ದೆ 1965ರ ಅಕ್ಟೋಬರ್ 2ರಿಂದ ಜಾರಿಯಾಯಿತು. ಆದರೆ ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ. ಗೇಣಿಯ ಹೊಲಗಳು ಸರಕಾರಕ್ಕೆ ಸೇರಿದವು, ಉಳುವವನು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟರೆ ಭೂನ್ಯಾಯಮಂಡಳಿ ವಿಚಾರಣೆ ಮಾಡಿ ಅವನ ಹೆಸರಿಗೆ ಬರೆಯಬೇಕು. ಮಂಡಳಿಯಲ್ಲಿ ಪ್ರಾಂತ ಸಾಹೇಬರ ಜೊತೆಗೆ ಊರಕಡೆಯ ಸದಸ್ಯರು. ಮೊದಮೊದಲು ವಕೀಲರಿಗೆ ಪ್ರವೇಶವಿರಲಿಲ್ಲ. ಅರ್ಜಿಯ ಕೊನೆಯ ಗಡುವು 1979ರ ಜೂನ್ 30. ನಾನು ನೌಕರಿಗೆ ಸೇರಿದಾಗ ಆ ಅರ್ಜಿಗಳ ವಿಚಾರಣೆ ಭರದಲ್ಲಿತ್ತು. ಕಚೇರಿಯ ಕಟ್ಟೆಯ ಮೇಲೆ ಬೆಳಗಿನಿಂದ ಜನ. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಅಲ್ಲೇ.

“ಅಕ್ಕಾರ, ನಮ್ಮಪ್ಪನ ಹೆಸರ ಎಲ್ಲರೆ ಐತೇನ ನೋಡ್ರಿ. ಅಜ್ಜನ ಕಾಲದಿಂದ ನಾವ ಉತ್ತೇವ್ರಿ.”

ನಾನು ಪಹಣಿಯ ಹಳೆಯ ಪುಸ್ತಕ ತೆಗೆಯುತ್ತಿದ್ದೆ. ಸಾಗುವಳಿದಾರನ ಕಾಲಮ್ಮಿನಲ್ಲಿ ಒಂದು ವರ್ಷ ಹೆಸರಿದ್ದರೆ ಮುಂದಿನ ವರ್ಷ ‘ಸ್ವತಃ’ ಎಂದು ಧನಿಯ ಹೆಸರು. ಮರುವರ್ಷ ಮತ್ತೆ ಖಾಲಿ. ಆ ಒಂದು ಮನೆಯೊಳಗೆ ಶಾಯಿಯಿಂದ ಬರೆದ ಮೂರಕ್ಷರಕ್ಕಾಗಿ ಒಂದು ಕುಟುಂಬ ಕೂರಗಿ ಹೊಲದ ಒಡೆಯರಾದದ್ದನ್ನೂ ಕಂಡಿದ್ದೇನೆ, ಅದೇ ಮೂರಕ್ಷರ ಇಲ್ಲದ್ದಕ್ಕೆ ಕೂಲಿಗೆ ಹೋದದ್ದನ್ನೂ ಕಂಡಿದ್ದೇನೆ. ಗೌಡಕಿ, ಕುಲಕರ್ಣಿಕಿ ವತನಗಳು ಆಗಲೇ ರದ್ದಾಗಿ ಗ್ರಾಮಲೆಕ್ಕಿಗರು ಬಂದಿದ್ದರು. ಪುಸ್ತಕಗಳು ಕನ್ನಡಕ್ಕೆ ಬಂದಿದ್ದವು. ಆದರೆ ಹೆಸರು ಬರೆಸಿಕೊಳ್ಳುವ ಧೈರ್ಯ ಎಲ್ಲರಿಗೂ ಬಂದಿರಲಿಲ್ಲ. ಧನಿಯ ಎದುರಿಗೆ ನಿಂತು, ಈ ಹೊಲ ನಾನು ಉಳುತ್ತೇನೆ ಎಂದು ಮಂಡಳಿಯ ಮುಂದೆ ಬಾಯಿಬಿಟ್ಟು ಹೇಳಿದವರ ಮುಖಗಳನ್ನು ನಾನು ಮರೆಯಲಾರೆ. ಅವರ ಕೈ ನಡುಗುತ್ತಿತ್ತು, ಮಾತು ಮಾತ್ರ ನಡುಗಲಿಲ್ಲ.

ಕಾಯ್ದೆಯ ಪ್ರಕಾರ ಆಮೇಲೆ ಹೊಲ ಲಾವಣಿ ಹಾಕುವುದೇ ನಿಷಿದ್ಧ. ವಾಸ್ತವದಲ್ಲಿ ಲಾವಣಿ ನಿಲ್ಲಲಿಲ್ಲ, ಬರಹದಿಂದ ಬಾಯಿಗೆ ಇಳಿಯಿತು. ಪಟ್ಟಣ ಸೇರಿದವರ ಹೊಲವನ್ನು, ಮುದುಕರ ಹೊಲವನ್ನು, ವಿಧವೆಯರ ಹೊಲವನ್ನು ಊರಲ್ಲಿರುವವರು ವರ್ಷದ ಮಾತಿನ ಮೇಲೆ ಉಳುತ್ತಾರೆ. ಇದರಲ್ಲಿ ಇಬ್ಬರಿಗೂ ಉಪಕಾರವಿದೆ. ಆದರೆ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿಲ್ಲದವನಿಗೆ ಬ್ಯಾಂಕಿನ ಬೆಳೆಸಾಲ ಸಿಗದು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಜಮಖಂಡಿ, ಮುಧೋಳ, ರಬಕವಿ ಕಡೆಯ ಹೊಳೆಸಾಲು ಮುಳುಗಿದಾಗ ಬೆಳೆ ಪರಿಹಾರ ಹೋದದ್ದು ಉತಾರದ ಹೆಸರಿಗೆ. ಬೀಜ ಬಿತ್ತಿ, ಗೊಬ್ಬರ ಹಾಕಿ, ಕಬ್ಬು ಕೊಳೆತದ್ದನ್ನು ಕಣ್ಣಾರೆ ಕಂಡವನು ಧನಿಯ ದಯೆ ಕಾಯಬೇಕಾಯಿತು. ಲಾವಣಿಯನ್ನು ಬರಹಕ್ಕೆ ತಂದು, ಒಡೆತನಕ್ಕೆ ಧಕ್ಕೆಯಾಗದಂತೆ ಉಳುವವನ ಹೆಸರನ್ನೂ ಒಂದು ಕಡೆ ಬರೆದಿಡುವ ಕಾಯ್ದೆ ಬೇಕೆಂದು ನಾನು ಯಾವತ್ತೂ ಹೇಳುತ್ತ ಬಂದಿದ್ದೇನೆ.

ಬೀಳಗಿಯ ಮಾತು ಬಂದರೆ ನನಗೆ ಅಳು ಬರುತ್ತದೆ. ನನ್ನ ತಾಯಿಯ ತವರು ಆ ತಾಲೂಕಿನ ಹೊಳೆದಂಡೆಯ ಹಳ್ಳಿ. 1964ರ ಮೇ 22ರಂದು ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಮುಂದಿನ ನಾಲ್ಕು ದಶಕ ನಮ್ಮ ಮಾವಂದಿರ ಬಾಯಲ್ಲಿ ಎರಡೇ ಮಾತು: ‘ಫೋರ್ ವನ್’ ಬಂತೇನು, ಅವಾರ್ಡು ಆಯಿತೇನು. 1894ರ ಭೂಸ್ವಾಧೀನ ಕಾಯ್ದೆಯ ಕಲಮುಗಳು ಅಕ್ಷರ ಬಾರದವರಿಗೂ ಬಾಯಿಪಾಠವಾದವು. ಹೊಲ, ಬಾವಿ, ಬೇವಿನ ಮರ, ಮನೆಯ ತೊಲೆ ಎಲ್ಲಕ್ಕೂ ಮಾಲ್ಕಿ ಬರೆದುಕೊಂಡು ಹೋದರು. ಕೊಟ್ಟ ದರ ಸಾಲದೆ ಹೆಚ್ಚುವರಿ ಪರಿಹಾರಕ್ಕೆ ಕೋರ್ಟು. ಬಂದದ್ದರಲ್ಲಿ ಒಂದು ಪಾಲು ಓಡಾಟಕ್ಕೆ, ಒಂದು ಪಾಲು ಫೀಗೆ. ನಮ್ಮ ದೊಡ್ಡ ಮಾವ ಮನೆಯ ಬಾಗಿಲು ಚೌಕಟ್ಟನ್ನು ಕಿತ್ತು ಚಕ್ಕಡಿಯಲ್ಲಿ ಹೇರಿಕೊಂಡು ಪುನರ್ವಸತಿ ಕೇಂದ್ರಕ್ಕೆ ತಂದ. ಹೊಸ ಮನೆಯ ಗೋಡೆಗೆ ಅದು ಹೊಂದಲಿಲ್ಲ. ವರ್ಷಗಟ್ಟಲೆ ಹಿತ್ತಲಲ್ಲಿ ಗೋಡೆಗೆ ಒರಗಿಸಿಟ್ಟಿದ್ದ, ಮಾರಲು ಒಪ್ಪಲಿಲ್ಲ. ಲಾವಣಿಗೆ ಉಳುತ್ತಿದ್ದವರ ಪಾಡಂತೂ ಹೇಳಲಾಗದು. ಉತಾರದಲ್ಲಿ ಇಲ್ಲ, ಆದ್ದರಿಂದ ಅವಾರ್ಡಿನಲ್ಲೂ ಇಲ್ಲ.

ಆ ಕಥೆ ಇನ್ನೂ ಮುಗಿದಿಲ್ಲ. ಈಗ ನೀರು ನಿಲ್ಲುವುದು 519.6 ಮೀಟರಿಗೆ. 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಾಧಿಕರಣ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿದೆ. ಅದಕ್ಕೆ ಮುಳುಗುವ ಸುಮಾರು 75 ಸಾವಿರ ಎಕರೆಗೆ ಒಪ್ಪಿತ ದರವಾಗಿ ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಕ್ಕೆ 30 ಲಕ್ಷ ಎಂದು 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ನಿಶ್ಚಯಿಸಿತು. ಹಿಂದಿನವರಿಗೆ ಸಿಕ್ಕದ್ದಕ್ಕೆ ಹೋಲಿಸಿದರೆ ದೊಡ್ಡ ಮೊತ್ತ. ಯಾವುದು ನೀರಾವರಿ, ಯಾವುದು ಒಣ ಎಂದು ಬರೆಯುವಾಗ ಹೊಲದ ಬದುವಿನ ಮೇಲೆ ನಿಂತು, ಊರವರ ಎದುರಿಗೆ ಬರೆಯಲಿ ಎಂಬುದೊಂದೇ ನನ್ನ ಬೇಡಿಕೆ.

ಇಷ್ಟೆಲ್ಲ ಹೇಳಿ ಚಿಕ್ಕಪಡಸಲಗಿಯ ಬ್ಯಾರೇಜಿನ ಮಾತು ಬಿಟ್ಟರೆ ಅನ್ಯಾಯವಾಗುತ್ತದೆ. ಕೃಷ್ಣೆ ಮಳೆಗಾಲದಲ್ಲಿ ಉಕ್ಕುವ ಹೊಳೆ, ಬೇಸಿಗೆಯಲ್ಲಿ ಮಳಲು. ಜಮಖಂಡಿ ಕಡೆಯ ರೈತರು ದಂಡೆಯ ಮೇಲಿದ್ದೂ ಚೈತ್ರ, ವೈಶಾಖದಲ್ಲಿ ಮಳಲೊಳಗೆ ವರ್ತಿ ತೋಡಿ ನೀರು ಹುಡುಕುತ್ತಿದ್ದರು. ಒಡ್ಡು ಕಟ್ಟಿಕೊಡಿರೆಂದು ಕೇಳಿ ಕೇಳಿ ಬಾಯಿ ಒಣಗಿತು. ಕೊನೆಗೆ ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ಕೃಷ್ಣಾ ತೀರ ರೈತ ಸಂಘ ಕಟ್ಟಿಕೊಂಡು, ತಾವೇ ಕಟ್ಟುತ್ತೇವೆ ಎಂದು ಹೊರಟರು. ಹೊಲವುಳ್ಳವರು ಹಣ ಕೊಟ್ಟರು, ಹಣವಿಲ್ಲದವರು ಮೈ ಕೊಟ್ಟರು. ಗುತ್ತಿಗೆದಾರನಿಲ್ಲ, ಕಮಿಷನ್ನಿಲ್ಲ. ಕೊಯ್ನಾ ಕಡೆ ಮಳೆ ಹಿಡಿದು ಹೊಳೆ ಬರುವುದರೊಳಗೆ ತಳಪಾಯ ಮೇಲೇಳಬೇಕು. ಒಂದು ವಾರ ತಡವಾದರೆ ಎಲ್ಲ ನೀರುಪಾಲು. ಆ ಬೇಸಿಗೆ ನಾನೂ ಮನೆಯವರ ಜೊತೆ ಹೋಗಿ ಬುಟ್ಟಿ ಹೊತ್ತಿದ್ದೇನೆ. ಹಗಲು ಬಿಸಿಲಿಗೆ ಮಳಲು ಕಾಲು ಸುಡುತ್ತಿತ್ತು. ಹಳ್ಳಿಹಳ್ಳಿಯಿಂದ ಸರತಿಯಂತೆ ಜನ, ಟ್ರ್ಯಾಕ್ಟರು, ಚಕ್ಕಡಿ. ಮನೆಮನೆಯಿಂದ ಬಂದ ರೊಟ್ಟಿಯನ್ನು ಒಂದೇ ಬಟ್ಟೆಯ ಮೇಲೆ ರಾಶಿ ಹಾಕಿ, ಯಾರ ಮನೆಯದು ಯಾರು ತಿಂದರೋ ಕೇಳುವವರಿರಲಿಲ್ಲ.

1989ರಲ್ಲಿ ಬ್ಯಾರೇಜು ಎದ್ದು ನಿಂತಿತು. ಒಂದು ಕೋಟಿ ರೂಪಾಯಿಯ ಆಸುಪಾಸಿನಲ್ಲಿ ಕೆಲಸ ಮುಗಿಯಿತು. ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ದೇಶದಲ್ಲೇ ರೈತರು ತಮ್ಮ ದುಡ್ಡು, ದುಡಿಮೆಯಿಂದ ಇಷ್ಟು ದೊಡ್ಡ ಹೊಳೆಗೆ ಕಟ್ಟಿದ ಮೊದಲ ಬ್ಯಾರೇಜು ಎಂಬ ಹೆಸರು ಅದಕ್ಕೆ ಬಂತು. ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾದ ನ್ಯಾಮಗೌಡರು 1991ರ ಲೋಕಸಭೆ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು, ಕೇಂದ್ರದಲ್ಲಿ ಮಂತ್ರಿಯಾದರು. 2018ರ ಮೇ 28ರಂದು, ಶಾಸಕರಾಗಿ ಮತ್ತೆ ಆರಿಸಿ ಬಂದ ಕೆಲವೇ ದಿನಗಳಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ರಾಜಕಾರಣದಲ್ಲಿ ಯಾರಿಗೆ ಅವರ ಬಗೆಗೆ ಏನೇ ಅಭಿಪ್ರಾಯವಿರಲಿ, ಆ ಬ್ಯಾರೇಜಿನ ಖರ್ಚಿನ ಲೆಕ್ಕ ಕೊಟ್ಟವರ ಕಣ್ಣೆದುರಿಗೇ ಇತ್ತು, ಏಕೆಂದರೆ ಸಿಮೆಂಟಿನ ಚೀಲ ಇಳಿಸಿದವರು ಅವರೇ. ಇವತ್ತಿಗೂ ಬೇಸಿಗೆಯಲ್ಲಿ ಒಡ್ಡಿನ ನೀರು ಇಳಿದರೆ ಸಂಘದವರು ತಾವೇ ವರಗಣಿ ಹಾಕಿ, ಪಂಪುಸೆಟ್ಟು ಹೂಡಿ, ಕೆಳಗಿನ ಆಲಮಟ್ಟಿ ಹಿನ್ನೀರನ್ನು ಎತ್ತಿ ಬ್ಯಾರೇಜಿನೊಳಗೆ ಸುರಿಯುತ್ತಾರೆ. ಆಲಮಟ್ಟಿಗಾಗಿ ಬೀಳಗಿಯವರು ಹೊಲ ಕಳಕೊಂಡ ನೀರು ಹೀಗೆ ಜಮಖಂಡಿಯ ಕಬ್ಬಿಗೆ ಮೇಲೇರುತ್ತದೆ. ಈ ಋಣದ ಮಾತನ್ನು ನಮ್ಮ ದಂಡೆಯವರು ಗಟ್ಟಿಯಾಗಿ ಆಡಬೇಕು.

ನೀರು ಬಂತು, ಕಬ್ಬು ಬಂತು, ಸಕ್ಕರೆ ಕಾರ್ಖಾನೆಗಳು ಬಂದವು. ಜೋಳ, ಶೇಂಗಾ, ಹತ್ತಿ ಬೆಳೆಯುತ್ತಿದ್ದ ಎರೆಹೊಲಕ್ಕೆ ವರ್ಷವಿಡೀ ನೀರು ನಿಂತು ಸವುಳು, ಜವುಳು ಹಿಡಿಯಿತು. ಮುಧೋಳ, ಜಮಖಂಡಿ ಕಡೆಯ ಎಷ್ಟೋ ಹೊಲಗಳಲ್ಲಿ ಬೇಸಿಗೆಯಲ್ಲಿ ಬಿಳಿ ಉಪ್ಪು ಮೇಲೆದ್ದು ಕಾಣುತ್ತದೆ. ನೀರು ತರುವುದನ್ನು ಊರು ಕೂಡಿ ನಿಶ್ಚಯಿಸಿತು. ಬಂದ ನೀರನ್ನು ಎಷ್ಟು ಬಿಡಬೇಕು, ಬಸಿಗಾಲುವೆ ಯಾರ ಹೊಲದ ಬದುವಿನಲ್ಲಿ ಹಾಯಬೇಕು ಎಂಬುದನ್ನು ಕೂಡಿ ನಿಶ್ಚಯಿಸಲಿಲ್ಲ. ಅವನವನ ಮೋಟಾರು, ಅವನವನ ಇಷ್ಟ ಎಂದಾಯಿತು. ಬ್ಯಾರೇಜು ಕಟ್ಟಿದ ಕೈಗಳಿಗೆ ಬಸಿಗಾಲುವೆ ತೋಡುವುದು ದೊಡ್ಡ ಕೆಲಸವಲ್ಲ. ಅದಕ್ಕೆ ಮತ್ತೊಮ್ಮೆ ಕಟ್ಟೆಗೆ ಬಂದು ಕೂಡಬೇಕು. ಈ ಸಲ ಹೆಂಗಸರು, ಕೇರಿಯವರು, ಲಾವಣಿಗೆ ಉಳುವವರು ಎಲ್ಲರೂ.

2018ರಲ್ಲಿ ರಬಕವಿ-ಬನಹಟ್ಟಿ ಬೇರೆ ತಾಲೂಕಾಯಿತು. ತೇರದಾಳವೂ ತಾಲೂಕೆಂದು ಘೋಷಣೆಯಾಗಿದೆ. ಮಹಾಲಿಂಗಪುರದವರು ತಮಗೂ ತಾಲೂಕು ಬೇಕೆಂದು ವರ್ಷಗಟ್ಟಲೆ ಧರಣಿ ಕುಳಿತಿದ್ದಾರೆ. ಹೊರಗಿನವರಿಗೆ ಇದು ಊರೂರಿನ ಹಟವೆನಿಸಬಹುದು. ಆದರೆ ಉತಾರ ತಿದ್ದಿಸಲು, ಜಾಗದ ತಕರಾರು ಹೇಳಲು, ಲಿಲಾವಿನ ಶರ್ತು ಕೇಳಲು ಒಂದು ದಿನದ ಕೂಲಿ ಬಿಟ್ಟು ದೂರದ ಕಚೇರಿಗೆ ಹೋಗಿ ಬಂದವರಿಗೆ ಅದರ ಬೆಲೆ ಗೊತ್ತು. ಹೊಸ ತಾಲೂಕುಗಳು ಆದಂತೆ ಹಳೆಯ ಕಾಗದಗಳೂ ಹಂಚಿಹೋಗುತ್ತವೆ: ಜಮಖಂಡಿಯವು, ಮುಧೋಳದವು, ಸಾಂಗಲಿಯ ಕಾಲದವು. ಮೋಡಿ ಓದುವವರು ಈಗ ನಮ್ಮ ಭಾಗದಲ್ಲಿ ಬೆರಳೆಣಿಕೆಯಷ್ಟು. ಗಾಯರಾಣದ ಗಡಿ, ಕೆರೆಯಂಗಳ, ಗಾಂವಠಾಣ, ಗುಡಿಯ ಇನಾಮು ಇವುಗಳ ಮೂಲ ಇರುವುದು ಆ ರುಮಾಲುಗಳಲ್ಲೇ. ಇವತ್ತು ಸರಕಾರಿ ಜಾಗ ಯಾವುದು, ಒತ್ತುವರಿ ಯಾವುದು ಎಂಬ ಎಷ್ಟೋ ತಕರಾರುಗಳಿಗೆ ಅಲ್ಲಿ ಉತ್ತರವಿದೆ. ಅವನ್ನು ಓದಿಸಿ, ಕನ್ನಡಕ್ಕೆ ಇಳಿಸಿ, ಆಯಾ ಊರಿನ ಪಂಚಾಯ್ತಿಯ ಗೋಡೆಗೆ ಅಂಟಿಸಬೇಕು. ನಾಲ್ಕೈದು ಜನ ಹುಡುಗ ಹುಡುಗಿಯರು ಬಂದರೆ ಮೋಡಿ ಕಲಿಸಲು ನಾನು ಸಿದ್ಧಳಿದ್ದೇನೆ. ಅಂಕಿಯಿಂದ ಶುರುಮಾಡಿದರೆ ಬೇಗ ಹತ್ತುತ್ತದೆ.